ಬೀರುವಿನಲ್ಲಿಟ್ಟ ಬ್ಯಾಗ್ ಮರಿ ಹಾಕಲಿಲ್ಲ

2025ರ ವರಮಹಾಲಕ್ಷ್ಮಿ ಹಬ್ಬಕ್ಕೆ ಇನ್ನೆರಡು ದಿನ ಇತ್ತು. ಸೀರೆ ತೆಗೆದಿಡೋಣ ಅಂತ ಬೀರು ತೆರೆದೆ. ಹೊರಗೆ ಸೋನೆ ಮಳೆ. ಸೀರೆಗಳ ಹಿಂದೆ, ಬಟ್ಟೆಯ ಚೀಲದೊಳಗೆ ಆರು ವರ್ಷದಿಂದ ಮಲಗಿದ್ದ ನನ್ನ ಬ್ಯಾಗ್ ಕೈಗೆ ತಗುಲಿತು. ಬಿಚ್ಚಿ ನೋಡಿದರೆ ಹಿಡಿಯ ಮೇಲೆಲ್ಲ ಬೂದು ಬಣ್ಣದ ಬೂಷ್ಟು. ಅಂಚಿಗೆ ಬೆರಳಿಟ್ಟರೆ ಹಲಸಿನ ಮೇಣದ ಹಾಗೆ ಅಂಟಂಟು. 2019ರಲ್ಲಿ ಅದಕ್ಕೆ ಕೊಟ್ಟಿದ್ದು ಒಂದು ಲಕ್ಷದ ಎಂಬತ್ತು ಸಾವಿರ ರೂಪಾಯಿ. ಹೆಗಲಿಗೆ ಹಾಕಿಕೊಂಡಿದ್ದು ನಾಲ್ಕೇ ನಾಲ್ಕು ಸಲ.

ಯಾಕೆ ಹಾಕಿಕೊಳ್ಳಲಿಲ್ಲ ಅಂದರೆ, ಅದು ಇನ್ವೆಸ್ಟ್‌ಮೆಂಟ್ ಆಗಿತ್ತು. ಗೀರು ಬಿದ್ದರೆ ಬೆಲೆ ಇಳಿಯುತ್ತೆ ಅಂತ ಜೋಪಾನ ಮಾಡಿದ್ದೆ. ಚಿಕ್ಕವರಿದ್ದಾಗ ಪುಸ್ತಕದ ಹಾಳೆಗಳ ನಡುವೆ ನವಿಲುಗರಿ ಇಟ್ಟು, ಮರಿ ಹಾಕಿತಾ ಅಂತ ದಿನಾ ತೆಗೆದು ನೋಡುತ್ತಿದ್ದೆವಲ್ಲ, ಹಾಗೆ. ನಗಬೇಡಿ, ನಾನು ಲೆಕ್ಕಪತ್ರದ ಕೆಲಸದವಳು. ಬೇರೆಯವರ ದುಡ್ಡಿನ ವಿಷಯದಲ್ಲಿ ಇಂಥ ತಪ್ಪು ಮಾಡಿದವಳಲ್ಲ.

ಹಬ್ಬ ಮುಗಿದ ಮೇಲೆ, ಬೂಷ್ಟು ಒರೆಸಿ, ಹಳೇ ಡಿಸೈನರ್ ಬ್ಯಾಗ್ ಕೊಳ್ಳುವವರೊಬ್ಬರ ಹತ್ತಿರ ಹೋದೆ. ಅಲ್ಲಿನ ಹುಡುಗ ಕೈಗವಸು ಹಾಕಿಕೊಂಡು, ಟಾರ್ಚ್ ಬಿಟ್ಟು ಮೂಲೆ ಮೂಲೆ ನೋಡಿದ. ಆಮೇಲೆ ಒಳಗೆ ಮೂಗು ಹಾಕಿ ಮೂಸಿದ. "ಮೇಡಂ, ಈ ಕಲರ್ ಈಗ ಓಡಲ್ಲ. ಅಂಚು ಬೇರೆ ಅಂಟಾಗಿದೆ. ಬಿಲ್ ಇದೆಯಾ? ಬಾಕ್ಸ್?" ಬಿಲ್ ಇತ್ತು. ಬಾಕ್ಸ್‌ನಲ್ಲಿ ಅಮ್ಮ ದಸರಾ ಗೊಂಬೆ ತುಂಬಿಟ್ಟಿದ್ದಳು. ಐವತ್ತೈದು ಸಾವಿರ ಅಂದ.

ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನು ಹೇಳಿದ ರೇಟು ಸರಿಯಾಗಿಯೇ ಇತ್ತು. ತಪ್ಪಿದ್ದು ನಾನು ಆರು ವರ್ಷ ನಂಬಿಕೊಂಡಿದ್ದ ಲೆಕ್ಕ. ಆ ಲೆಕ್ಕ ಎಲ್ಲಿ ತಪ್ಪುತ್ತೆ, ಹಾಗಾದರೆ ಇಷ್ಟು ದುಬಾರಿ ಬ್ಯಾಗನ್ನು ಯಾವ ಧೈರ್ಯದ ಮೇಲೆ ಕೊಳ್ಳಬೇಕು ಅನ್ನುವುದು ಈ ಬರಹದ ವಿಷಯ.

ಕರಗಿಸೋಕೆ ಏನೂ ಇಲ್ಲ

ನಮ್ಮ ಮನೆಗಳಲ್ಲಿ ದುಬಾರಿ ವಸ್ತು ಅಂದ ಕೂಡಲೇ ನೆನಪಾಗುವುದು ಚಿನ್ನ. ಚಿನ್ನದ ಲೆಕ್ಕ ಎಲ್ಲರಿಗೂ ಗೊತ್ತು. ಬಳೆ ಮಾಡಿಸುವಾಗ ಮಜೂರಿ, ವೇಸ್ಟೇಜು, ಶೇ 3ರ ಜಿಎಸ್‌ಟಿ ಕೊಡುತ್ತೇವೆ. ಮಾರುವಾಗ ಅಷ್ಟೂ ಹೋಯಿತು ಅಂತಲೇ ಲೆಕ್ಕ. ಆದರೆ ತಕ್ಕಡಿಯ ಮೇಲೆ ಚಿನ್ನ ಇದೆ. ಬಳೆ ಸೊಟ್ಟಗಾಗಿರಲಿ, ಹರಳು ಬಿದ್ದಿರಲಿ, ತೂಕಕ್ಕೆ ಬೆಲೆ ಇದ್ದೇ ಇದೆ. ಸೀರೆಯಲ್ಲೂ ಒಂಚೂರು ಹೀಗೇ. ಮೈಸೂರು ಸಿಲ್ಕ್‌ನ ಜರಿಯಲ್ಲಿ ಶೇ 65ರಷ್ಟು ಬೆಳ್ಳಿ, ಶೇ 0.65ರಷ್ಟು ಚಿನ್ನ ಇರುತ್ತದೆ. ಅದಕ್ಕೇ ಸೀರೆ ಹರಿದು ಚಿಂದಿಯಾದರೂ 'ಹಳೇ ಜರಿ ತಗೋತೀವಿ' ಅನ್ನುವವರು ಇದ್ದಾರೆ.

ಬ್ಯಾಗಿನದು ಪೂರ್ತಿ ಉಲ್ಟಾ. ಅದರಲ್ಲಿ ಇರುವುದೆಲ್ಲ ಮಜೂರಿಯೇ. ಹೊಲಿದವರ ಕೈ, ಅಂಗಡಿಯ ಬಾಡಿಗೆ, ಜಾಹೀರಾತು, ಹೆಸರು. ಕರಗಿಸಿದರೆ ಸಿಗುವಂಥದ್ದು ಏನೂ ಇಲ್ಲ. ಕೊಂಡಿಗಳಿಗೂ ಸಾಮಾನ್ಯವಾಗಿ ಚಿನ್ನದ ಬಣ್ಣದ ಲೇಪ ಅಷ್ಟೇ. ಹಾಗಾಗಿ ಮುಂದೆ ಇನ್ನೊಬ್ಬರು 'ಇದು ಬೇಕು' ಅಂದರೆ ಮಾತ್ರ ಬೆಲೆ. ಆ ಇನ್ನೊಬ್ಬರ ಮನಸ್ಸನ್ನು ನಂಬಿ ನಾನು ಬೀರುವಿಗೆ ಬೀಗ ಹಾಕಿದ್ದೆ.

ನನ್ನ ಬ್ಯಾಗನ್ನೇ ಬಿಡಿಸಿ ನೋಡೋಣ. ಕೈಚೀಲಗಳ ಮೇಲೆ ಶೇ 18ರ ಜಿಎಸ್‌ಟಿ. 1,80,000 ರೂಪಾಯಿಯಲ್ಲಿ ಸುಮಾರು 27,450 ತೆರಿಗೆಗೇ ಹೋಯಿತು. ಅದನ್ನು ಮುಂದೆ ಕೊಳ್ಳುವವರು ಯಾರೂ ತುಂಬಿಕೊಡುವುದಿಲ್ಲ. ಅದೇ ದುಡ್ಡನ್ನು ಬ್ಯಾಂಕಿನಲ್ಲಿ ಇಟ್ಟು, ಶೇ 6.5 ಬಡ್ಡಿ ಅಂತಲೇ ಹಿಡಿದರೂ, ಆರು ವರ್ಷಕ್ಕೆ ಸುಮಾರು 2,62,000 ಆಗುತ್ತಿತ್ತು. ಬ್ಯಾಗ್ ಮಾರಿ ಇಷ್ಟು ದುಡ್ಡು ನನ್ನ ಕೈಗೆ ಬರಬೇಕಾದರೆ? ಮಾರಿಕೊಡುವವರು ಕಾಲು ಭಾಗ ಕಮಿಷನ್ ಹಿಡಿದುಕೊಳ್ಳುತ್ತಾರೆ ಅಂತಿಟ್ಟುಕೊಳ್ಳಿ. ಆಗ ಯಾರೋ ಒಬ್ಬರು ನನ್ನ ಹಳೇ ಬ್ಯಾಗಿಗೆ ಹತ್ತಿರ ಹತ್ತಿರ ಮೂರೂವರೆ ಲಕ್ಷ ಕೊಡಬೇಕು. ಅಷ್ಟು ದುಡ್ಡಿರುವವರು ಅಂಗಡಿಗೆ ಹೋಗಿ ಹೊಸದೇ ತರುತ್ತಾರೆ, ಅಲ್ವಾ?

ಕಮಿಷನ್ ಬೇಡ, ಕೂಡಲೇ ದುಡ್ಡು ಕೊಡಿ ಅಂದರೆ ಆ ಹುಡುಗ ಹೇಳಿದಂಥ ರೇಟೇ ಸಿಗುವುದು. ಅವನೂ ಅದನ್ನು ತೊಳೆದು, ರಿಪೇರಿ ಮಾಡಿಸಿ, ಗಿರಾಕಿ ಸಿಗುವ ತನಕ ಇಟ್ಟುಕೊಳ್ಳಬೇಕಲ್ಲ.

ಅಮ್ಮ ಅದೇ 2019ರಲ್ಲಿ ಎರಡು ಬಳೆ ಮಾಡಿಸಿದ್ದಳು. ಆಗ ಹತ್ತು ಗ್ರಾಂ ಚಿನ್ನ ಮೂವತ್ತೈದು, ನಲವತ್ತು ಸಾವಿರದ ಆಸುಪಾಸಿನಲ್ಲಿತ್ತು. 2025ರ ಆಗಸ್ಟ್ ಹೊತ್ತಿಗೆ ಒಂದು ಲಕ್ಷ ಮುಟ್ಟಿತ್ತು. ನಾನು ಐವತ್ತೈದು ಸಾವಿರದ ಕತೆ ಹೇಳಿದಾಗ ಅಮ್ಮ ಏನೂ ಅನ್ನಲಿಲ್ಲ. ಸುಮ್ನೆ ಬಳೆ ಸರಿಮಾಡಿಕೊಂಡಳು.

ಹಾಗಾದರೆ ಬರ್ಕಿನ್ ಕತೆ?

ಇಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ. ಎರ್ಮೆಸ್ (Hermès) ಕಂಪನಿಯ ಬರ್ಕಿನ್ ಬ್ಯಾಗ್ ಅಂಗಡಿ ಬೆಲೆಗಿಂತ ಜಾಸ್ತಿಗೆ ಮಾರಾಟವಾಗುತ್ತಂತಲ್ಲ? ಹೌದು, ಆಗುತ್ತದೆ. ಹೆಸರಿನ ಮೊದಲ ಎಚ್ ಅಕ್ಷರವನ್ನು ಉಚ್ಚರಿಸಬಾರದು ಅಂತ ಗೊತ್ತಿರುವ ಜನರೆಲ್ಲ ಹೇಳುವುದು ಈ ಕತೆಯನ್ನೇ. ಎರ್ಮೆಸ್‌ನ ಬರ್ಕಿನ್, ಕೆಲ್ಲಿ, ಜೊತೆಗೆ ಶನೆಲ್‌ನ ಒಂದೆರಡು ಮಾದರಿ. ಈ ಬೆರಳೆಣಿಕೆಯ ಬ್ಯಾಗುಗಳ ಕತೆ ಕೇಳಿ ಉಳಿದ ಸಾವಿರಾರು ಬ್ಯಾಗುಗಳನ್ನು ಜನ ಕೊಳ್ಳುತ್ತಾರೆ. ಊರಿನ ಒಬ್ಬ ಹುಡುಗ ಅಮೆರಿಕಕ್ಕೆ ಹೋಗಿ ದುಡ್ಡು ಮಾಡಿದ ಅಂತ ಬೀದಿಯವರೆಲ್ಲ ಮಕ್ಕಳನ್ನು ಎಂಜಿನಿಯರಿಂಗ್‌ಗೆ ಸೇರಿಸಿದ ಹಾಗೆ.

ಅವುಗಳ ಬೆಲೆ ಯಾಕೆ ಇಳಿಯುವುದಿಲ್ಲ? ಕಂಪನಿ ಬೇಕಂತಲೇ ಕಡಿಮೆ ಮಾಡುತ್ತದೆ. ಒಂದು ಬ್ಯಾಗನ್ನು ಸಾಮಾನ್ಯವಾಗಿ ಒಬ್ಬರೇ ಕೂತು ಹೊಲಿಯುತ್ತಾರೆ, ಹದಿನೈದು ಗಂಟೆಗೂ ಜಾಸ್ತಿ ಹಿಡಿಯುತ್ತದೆ. ಅಂಗಡಿಗೆ ಹೋಗಿ 'ಒಂದು ಬರ್ಕಿನ್ ಕೊಡಿ' ಅಂದರೆ ಕೊಡುವುದಿಲ್ಲ. ಮೊದಲು ನೀವು ಅಲ್ಲಿ ಎಷ್ಟು ಸಲ, ಏನೇನು ಕೊಂಡಿದ್ದೀರಿ ಅನ್ನುವುದು ಲೆಕ್ಕಕ್ಕೆ ಬರುತ್ತದೆ ಅನ್ನುವುದು ಕೊಳ್ಳುವವರ ಅನುಭವ. ಕೇಳುವವರು ಜಾಸ್ತಿ, ಸಿಗುವುದು ಕಡಿಮೆ. ಅದಕ್ಕೆ ಹೊರಗಿನ ಬೆಲೆ ಏರುತ್ತದೆ. ಅಂದರೆ ನಿಜವಾದ ಲಾಭ ಸಿಗುವುದು ಅಂಗಡಿ ಬೆಲೆಗೇ ಬರ್ಕಿನ್ ಸಿಕ್ಕವರಿಗೆ. ಅಲ್ಲಿಗೆ ಮುಟ್ಟಲು ಅವರು ಅದೇ ಅಂಗಡಿಯಲ್ಲಿ ಎಷ್ಟು ಸ್ಕಾರ್ಫು, ಎಷ್ಟು ಬೆಲ್ಟು ಕೊಂಡಿರುತ್ತಾರೆ ಅನ್ನುವುದನ್ನು ಯಾರೂ ಲಾಭದಲ್ಲಿ ಕಳೆಯುವುದಿಲ್ಲ.

ಬೇರೆ ಕಂಪನಿಗಳೂ ಬೆಲೆ ಹಿಡಿದಿಡಲು ಏನೇನೋ ಮಾಡಿವೆ. ಬ್ರಿಟನ್ನಿನ ಬರ್ಬೆರಿ ಒಂದೇ ವರ್ಷದಲ್ಲಿ 2.86 ಕೋಟಿ ಪೌಂಡ್ ಬೆಲೆಯ ಮಾರಾಟವಾಗದ ಸರಕನ್ನು ನಾಶ ಮಾಡಿದ್ದು 2018ರಲ್ಲಿ ಹೊರಗೆ ಬಂತು. ಕಡಿಮೆ ಬೆಲೆಗೆ ಕೊಟ್ಟು ಹೆಸರು ಕೆಡಿಸಿಕೊಳ್ಳುವುದಕ್ಕಿಂತ ಸುಡುವುದೇ ವಾಸಿ ಅನ್ನುವ ಲೆಕ್ಕ. ಗಲಾಟೆಯಾದ ಮೇಲೆ ಅದೇ ವರ್ಷ ಆ ಪದ್ಧತಿ ನಿಲ್ಲಿಸಿದರು.

ಇನ್ನೊಂದು ಅಂಕಿ. ಶ್ರೀಮಂತರ ಶೋಕಿ ವಸ್ತುಗಳ ಬೆಲೆ ಏರಿಳಿತವನ್ನು ನೈಟ್ ಫ್ರಾಂಕ್ ಸಂಸ್ಥೆ ಪ್ರತಿವರ್ಷ ಅಳೆಯುತ್ತದೆ. 2024ರ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಇದ್ದದ್ದು ಕೈಚೀಲಗಳೇ. ಏರಿಕೆ ಎಷ್ಟು ಗೊತ್ತಾ? ಶೇ 2.8. ಆ ವರ್ಷ ನಮ್ಮ ಬ್ಯಾಂಕುಗಳ ಎಫ್‌ಡಿಯಲ್ಲೇ ಶೇ 7ರ ಹತ್ತಿರ ಸಿಗುತ್ತಿತ್ತು. ಅದೂ ಆ ಪಟ್ಟಿಗೆ ಸೇರುವುದು ಹರಾಜಿಗೆ ಬರುವಂಥ ದೊಡ್ಡ ಬ್ಯಾಗುಗಳು. ನಾವು ಯುಬಿ ಸಿಟಿಯಲ್ಲೋ ಹೆಬ್ಬಾಳದ ಕಡೆಯ ದೊಡ್ಡ ಮಾಲಿನಲ್ಲೋ ಎರಡು ತಿಂಗಳು ಯೋಚಿಸಿ ಕೊಳ್ಳುವಂಥವಲ್ಲ.

ಬರ್ಕಿನ್ ಬಗ್ಗೆ ನನಗೆ ಇಷ್ಟವಾದ ಕತೆ ಬೇರೆಯೇ ಇದೆ. ನಟಿ, ಗಾಯಕಿ ಜೇನ್ ಬರ್ಕಿನ್ ಪ್ಯಾರಿಸ್‌ನಿಂದ ಲಂಡನ್‌ಗೆ ವಿಮಾನದಲ್ಲಿ ಹೋಗುತ್ತಿದ್ದರು. ಪಕ್ಕದಲ್ಲಿ ಕೂತಿದ್ದವರು ಎರ್ಮೆಸ್ ಮುಖ್ಯಸ್ಥ ಜಾನ್ ಲೂಯಿ ದ್ಯೂಮಾ. ಚಿಕ್ಕ ಮಗು ಇರುವ ತಾಯಿಗೆ ಬೇಕಾದದ್ದೆಲ್ಲ ಹಿಡಿಸುವಂಥ ಚೀಲ ಎಲ್ಲೂ ಸಿಗಲ್ಲ ಅಂತ ಬರ್ಕಿನ್ ಗೊಣಗಿದರು. ವಿಮಾನದ ವಾಂತಿ ಚೀಲದ ಮೇಲೇ ಚಿತ್ರ ಗೀಚಿದರಂತೆ. 1984ರಲ್ಲಿ ಬ್ಯಾಗ್ ಬಂತು. ಆಕೆ ತಮ್ಮ ಬ್ಯಾಗನ್ನು ಹೇಗೆ ಬಳಸಿದರು ಅಂದರೆ, ಮೈತುಂಬ ಸ್ಟಿಕ್ಕರ್ ಅಂಟಿಸಿದರು, ಮಣಿಸರ ಕಟ್ಟಿದರು, ಉಗುರು ಕತ್ತರಿಸುವ ಕಟ್ಟರ್ ಒಂದನ್ನು ನೇತುಹಾಕಿಕೊಂಡರು. 1994ರಲ್ಲಿ ಏಡ್ಸ್ ರೋಗಿಗಳ ನೆರವಿಗೆ ಅದನ್ನು ಕೊಟ್ಟುಬಿಟ್ಟರು. ಅದೇ ಮೊದಲ ಬ್ಯಾಗ್ 2025ರ ಜುಲೈ 10ರಂದು ಪ್ಯಾರಿಸ್‌ನ ಸೋದಬಿ ಹರಾಜಿನಲ್ಲಿ 86 ಲಕ್ಷ ಯೂರೋಗೆ ಹೋಯಿತು. ನಮ್ಮ ಲೆಕ್ಕದಲ್ಲಿ 80 ಕೋಟಿ ರೂಪಾಯಿಗೂ ಮೇಲೆ. ಮೈಮೇಲೆ ಗೀರು, ಸ್ಟಿಕ್ಕರ್ ಕಿತ್ತ ಗುರುತು, ಆಕೆಯ ಹೆಸರಿನ ಮೊದಲಕ್ಷರಗಳು, ಆ ಉಗುರು ಕಟ್ಟರ್, ಎಲ್ಲ ಹಾಗೇ ಇದ್ದವು.

ನಮ್ಮ ಬ್ಯಾಗಿಗೆ ಕಟ್ಟರ್ ಕಟ್ಟಿದರೆ ಎಂಬತ್ತು ರೂಪಾಯಿಯೂ ಜಾಸ್ತಿ ಬರಲ್ಲ, ಅದು ಬೇರೆ ಮಾತು.

ಬೆಲೆ ಎಲ್ಲಿಂದ ಬರುತ್ತದೆ

2024ರ ಜೂನ್‌ನಲ್ಲಿ ಮಿಲಾನ್ ಕೋರ್ಟು ಡಿಯೋರ್ ಕಂಪನಿಯ ಇಟಲಿಯ ತಯಾರಿಕಾ ಘಟಕದ ಮೇಲೆ ಉಸ್ತುವಾರಿ ನೇಮಿಸಿತು. ಒಳಗುತ್ತಿಗೆದಾರರು ಕೆಲಸಗಾರರನ್ನು ಸರಿಯಾಗಿ ನೋಡಿಕೊಳ್ಳುತ್ತಿಲ್ಲ, ಕಂಪನಿ ಅದನ್ನು ಗಮನಿಸಿಲ್ಲ ಅನ್ನುವುದು ದೂರು. ಆ ದಾಖಲೆಗಳಲ್ಲಿ ಬಂದ ಒಂದು ಲೆಕ್ಕ ಜಗತ್ತೆಲ್ಲ ಸುದ್ದಿಯಾಯಿತು. ಅಂಗಡಿಯಲ್ಲಿ 2,600 ಯೂರೋ ಇದ್ದ ಬ್ಯಾಗನ್ನು ಜೋಡಿಸಿ ಹೊಲಿದುಕೊಡುವುದಕ್ಕೆ ಒಳಗುತ್ತಿಗೆದಾರರಿಗೆ ಸಿಗುತ್ತಿದ್ದದ್ದು 53 ಯೂರೋ. ಚರ್ಮದ ಬೆಲೆ ಇದರಲ್ಲಿ ಸೇರಿಲ್ಲ, ಅದು ನೆನಪಿರಲಿ. ಮುಂದಿನ ವರ್ಷ ಆ ಉಸ್ತುವಾರಿ ತೆಗೆದರು. ಆದರೂ ಆ ಎರಡು ಅಂಕಿಗಳ ನಡುವಿನ ದೂರ ನೋಡಿ.

ನಮ್ಮ ಪಕ್ಕದಲ್ಲೇ ಇನ್ನೊಂದು ಉದಾಹರಣೆ ಇದೆ. ಕೊಲ್ಲಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರವೂ ಸೇರಿದವು. ಅಥಣಿಯ ಕಡೆ ಮನೆಮನೆಯಲ್ಲಿ ಈ ಕೆಲಸ ಇದೆ. 2025ರ ಜೂನ್‌ನಲ್ಲಿ ಇಟಲಿಯ ಫ್ಯಾಷನ್ ಕಂಪನಿ ಪ್ರಾಡಾ ಮಿಲಾನ್‌ನ ಪ್ರದರ್ಶನದಲ್ಲಿ ಅಂಥದ್ದೇ ಚಪ್ಪಲಿ ತೋರಿಸಿತು, ಎಲ್ಲಿಯದು ಅಂತ ಹೇಳಲಿಲ್ಲ. ದೊಡ್ಡ ಗಲಾಟೆಯಾಯಿತು, ಆಮೇಲೆ ಒಪ್ಪಿಕೊಂಡರು. ಡಿಸೆಂಬರ್ ಹೊತ್ತಿಗೆ ಎರಡೂ ರಾಜ್ಯಗಳ ಚರ್ಮೋದ್ಯಮ ನಿಗಮಗಳ ಜೊತೆ ಒಪ್ಪಂದ ಮಾಡಿಕೊಂಡು, ಎರಡು ಸಾವಿರ ಜೊತೆ ಇಲ್ಲೇ ಮಾಡಿಸುತ್ತೇವೆ, ಒಂದು ಜೊತೆಗೆ ಸುಮಾರು 800 ಯೂರೋ ಅಂದರು. ನಮ್ಮ ಕಡೆಯದು ನಮ್ಮ ಲಿಡ್ಕರ್. ಅದೇ ಕೈ, ಅದೇ ಹೊಲಿಗೆ. ಉಳಿದದ್ದು ಹೆಸರು.

ಇದನ್ನು ಹೇಳಿದ್ದು ಹೆಸರಿನ ಬ್ಯಾಗ್ ಕೊಳ್ಳುವವರನ್ನು ಬೈಯಲು ಅಲ್ಲ. ನನಗೂ ಹೆಸರು ಇಷ್ಟ. ಕಲ್ಯಾಣ ಮಂಟಪದಲ್ಲಿ ಪಕ್ಕದವರು ಬ್ಯಾಗಿನ ಕಡೆ ಒಮ್ಮೆ ಕಣ್ಣು ಹಾಯಿಸಿದರೆ ಖುಷಿಯಾಗುತ್ತೆ, ಸುಳ್ಳು ಯಾಕೆ ಹೇಳಲಿ. ಆದರೆ ಆ ಖುಷಿಗೆ ಕೊಟ್ಟ ದುಡ್ಡು ಖರ್ಚು. ಪ್ರವಾಸಕ್ಕೆ ಹೋಗಿ ಬಂದ ಹಾಗೆ. ಖರ್ಚು ಅಂತ ಒಪ್ಪಿಕೊಂಡರೆ ಒಂದು ಉಪಕಾರ ಇದೆ: ಇಷ್ಟು ಖರ್ಚು ಮಾಡೋಕೆ ನನ್ನ ಹತ್ತಿರ ಇದೆಯಾ ಅನ್ನುವ ಪ್ರಶ್ನೆ ನೇರವಾಗಿ ಎದುರಿಗೆ ಬರುತ್ತದೆ. ಇನ್ವೆಸ್ಟ್‌ಮೆಂಟ್ ಅಂದುಕೊಂಡರೆ ಆ ಪ್ರಶ್ನೆ ಬರುವುದೇ ಇಲ್ಲ. ನಮ್ಮಂಥ ಮನೆಗಳಲ್ಲಿ ಹೆಣ್ಣುಮಕ್ಕಳು ತಮಗೋಸ್ಕರ ದುಡ್ಡು ಖರ್ಚು ಮಾಡಲು ಒಂದು ನೆಪ ಬೇಕಾಗುತ್ತದೆ. ಚಿನ್ನಕ್ಕೆ ಆ ನೆಪ ಸಲೀಸಾಗಿ ಸಿಗುತ್ತದೆ. ಬ್ಯಾಗಿಗೂ ಅದನ್ನೇ ಅಂಟಿಸಿದೆವು.

'ಒಂದು ಸಲದ ಬಳಕೆಗೆ ಎಷ್ಟು' ಅನ್ನುವ ಲೆಕ್ಕವನ್ನೂ ಜನ ಹೇಳುತ್ತಾರೆ. ಅರವತ್ತು ಸಾವಿರದ ಬ್ಯಾಗನ್ನು ವಾರಕ್ಕೆ ನಾಲ್ಕು ದಿನದಂತೆ ಐದು ವರ್ಷ ಹಾಕಿದರೆ ಸುಮಾರು ಸಾವಿರ ಸಲ, ಸಲಕ್ಕೆ ಅರವತ್ತು ರೂಪಾಯಿ. ಆಟೋ ಮಿನಿಮಮ್ಮೇ 36 ಆಗಿರುವ ಊರಿನಲ್ಲಿ ಅರವತ್ತು ಏನೂ ಅಲ್ಲ ಅನ್ನಿಸುತ್ತೆ. ನನ್ನ ಬೀರುವಿನ ಬ್ಯಾಗ್ ಸಲಕ್ಕೆ ನಲವತ್ತೈದು ಸಾವಿರ ಬಿದ್ದಿತ್ತು! ಲೆಕ್ಕ ಸರಿಯೇ. ಆದರೆ ಇದೂ ಒಂದು ನೆಪವೇ. ಆರುನೂರು ರೂಪಾಯಿಯ ಚೀಲವನ್ನೂ ಸಾವಿರ ಸಲ ಹಾಕಬಹುದು.

ಕೈಗೆ ತಗೊಂಡು ನೋಡುವುದು

ಸರಿ, ಇಷ್ಟಪಟ್ಟು ಕೊಳ್ಳುವುದು ಅಂದರೆ ಏನು ನೋಡಬೇಕು? ಮೊದಲು ಖಾಲಿ ಬ್ಯಾಗನ್ನು ಹೆಗಲಿಗೆ ಹಾಕಿ ಹತ್ತು ನಿಮಿಷ ಅಂಗಡಿಯೊಳಗೇ ಓಡಾಡಿ. ದಪ್ಪ ಚರ್ಮದ ದೊಡ್ಡ ಬ್ಯಾಗ್ ಖಾಲಿ ಇದ್ದಾಗಲೇ ಒಂದು ಕೆಜಿ ಮೀರುತ್ತದೆ. ಅದಕ್ಕೆ ಲ್ಯಾಪ್‌ಟಾಪು, ಊಟದ ಡಬ್ಬಿ, ನೀರಿನ ಬಾಟಲು, ಕೊಡೆ ಸೇರಿಸಿ. ಒಂದು ಬ್ಯಾಗನ್ನು ಕಣ್ಣು ಇಷ್ಟಪಟ್ಟು, ಹೆಗಲು ಬೇಡ ಅಂದರೆ ಗೆಲ್ಲುವುದು ಹೆಗಲೇ. ಶನೆಲ್ ತಮ್ಮ ಹೆಸರಾಂತ ಬ್ಯಾಗಿಗೆ ಉದ್ದದ ಸರಪಳಿ ಹಾಕಿದ್ದು ಕೈ ಖಾಲಿ ಇರಲಿ ಅಂತಲೇ. 1955ರ ಫೆಬ್ರವರಿಯಲ್ಲಿ ಬಂದದ್ದಕ್ಕೆ ಅದಕ್ಕೆ 2.55 ಅಂತ ಹೆಸರು. ಬಫೆಯಲ್ಲಿ ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಮಗುವಿನ ಕೈ ಹಿಡಿದವರಿಗೆ ಆ ಸರಪಳಿಯ ಬೆಲೆ ಗೊತ್ತು.

ಆಮೇಲೆ ಚರ್ಮ. 'ಜೆನ್ಯುಯಿನ್ ಲೆದರ್' ಅಂತ ಮುದ್ರೆ ಇದ್ದರೆ ಅದು ಚರ್ಮ ಅಂತ ಮಾತ್ರ ಅರ್ಥ, ಒಳ್ಳೆಯ ಚರ್ಮ ಅಂತಲ್ಲ. ಮೇಲ್ಮೈ ಉಜ್ಜದೆ ಹಾಗೇ ಬಿಟ್ಟ ಚರ್ಮಕ್ಕೆ ಫುಲ್ ಗ್ರೇನ್ ಅನ್ನುತ್ತಾರೆ. ಅದರಲ್ಲಿ ದನದ ಮೈಮೇಲಿನ ಸುಕ್ಕು, ಹುಳ ಕಚ್ಚಿದ ಕಲೆ, ರಂಧ್ರಗಳೂ ಕಾಣುತ್ತವೆ. ಎಲ್ಲ ಕಡೆ ಒಂದೇ ಸಮ ಇದ್ದರೆ ಉಜ್ಜಿ, ಬಣ್ಣ ಬಳಿದು, ಮೇಲೆ ಅಚ್ಚು ಒತ್ತಿರುವ ಸಾಧ್ಯತೆ ಜಾಸ್ತಿ. ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ. ಮೊದಲ ಬಗೆಯದರಲ್ಲಿ ಬೆರಳಿನ ಸುತ್ತ ಸಣ್ಣ ಸಣ್ಣ ನೆರಿಗೆ ಬಿದ್ದು, ಕೈ ತೆಗೆದ ಮೇಲೆ ಹೋಗುತ್ತವೆ.

ಹದ ಮಾಡುವುದರಲ್ಲೂ ಎರಡು ದಾರಿ. ಈಗ ಹೆಚ್ಚಿನ ಚರ್ಮ ಕ್ರೋಮಿಯಂ ಉಪ್ಪಿನಲ್ಲಿ ಬೇಗ ಹದವಾಗುತ್ತದೆ, ಮೆತ್ತಗಿರುತ್ತದೆ, ನೀರಿಗೆ ಅಷ್ಟು ಹೆದರುವುದಿಲ್ಲ. ಹಳೇ ದಾರಿ ಗಿಡದ ತೊಗಟೆಯದು. ದಕ್ಷಿಣ ಭಾರತದಲ್ಲಿ ಇದಕ್ಕೆ ತಂಗಡಿ ಗಿಡದ ತೊಗಟೆ ಬಳಸುತ್ತಿದ್ದರು. ಹೊಲದ ಬದುಗಳಲ್ಲಿ ಹಳದಿ ಹೂ ಬಿಟ್ಟು ನಿಂತಿರುತ್ತದಲ್ಲ, ಅದೇ. ಹೀಗೆ ಹದ ಮಾಡಿದ ಚರ್ಮ ಗಟ್ಟಿ. ಬಿಸಿಲು, ಕೈಯ ಎಣ್ಣೆ ತಾಗಿ ತಾಗಿ ಬಣ್ಣ ಗಾಢವಾಗುತ್ತ ಹೋಗುತ್ತದೆ. ಲೂಯಿ ವಿಟಾನ್ ಬ್ಯಾಗುಗಳ ತಿಳಿ ಬಣ್ಣದ ಹಿಡಿ ಈ ಜಾತಿಯದು. ಹೊಸದರಲ್ಲಿ ಹಾಲಿಗೆ ಒಂದು ಚಮಚ ಡಿಕಾಕ್ಷನ್ ಹಾಕಿದ ಬಣ್ಣ, ನಾಲ್ಕು ವರ್ಷ ಬಳಸಿದರೆ ಸ್ಟ್ರಾಂಗ್ ಕಾಫಿ. ಒಂದು ಹನಿ ಮಳೆ ಬಿದ್ದರೂ ಕಲೆ ಉಳಿಯುತ್ತದೆ.

ಅಂದಹಾಗೆ ಲೂಯಿ ವಿಟಾನ್ ಬ್ಯಾಗಿನ ಉಳಿದ ಭಾಗ, ಆ ಅಕ್ಷರ ಮತ್ತು ಹೂವಿನ ಚಿತ್ತಾರ ಇರುವ ಭಾಗ, ಚರ್ಮವೇ ಅಲ್ಲ. ಹತ್ತಿ ಬಟ್ಟೆಯ ಮೇಲೆ ಪಿವಿಸಿ ಲೇಪ. ಇದನ್ನು ಕೇಳಿ ಅಮ್ಮ, "ಅಂದ್ರೆ ರೆಕ್ಸಿನ್ನೇ ಅಲ್ವೇನೇ?" ಅಂದಿದ್ದಳು. ಪೂರ್ತಿ ತಪ್ಪು ಅನ್ನಲಾರೆ. ಆದರೆ ಮಳೆಯಲ್ಲಿ ಬಾಳಿಕೆ ಬರುವುದು ಅದೇ. ಆ ಚಿತ್ತಾರ ಹುಟ್ಟಿದ್ದು 1896ರಲ್ಲಿ, ನಕಲಿಯವರ ಕಾಟ ತಪ್ಪಿಸಿಕೊಳ್ಳಲು. ಈಗ ಜಗತ್ತಿನಲ್ಲಿ ಅತಿ ಹೆಚ್ಚು ನಕಲಾಗುವ ಚಿತ್ತಾರಗಳಲ್ಲಿ ಅದೂ ಒಂದು! 'ಫಸ್ಟ್ ಕಾಪಿ' ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಾಗೆ ಮಾರುವುದು ಟ್ರೇಡ್‌ಮಾರ್ಕ್ ಕಾಯ್ದೆಯಡಿ ಜೈಲು ಶಿಕ್ಷೆಯಾಗಬಹುದಾದ ಅಪರಾಧ. ಕೊಳ್ಳುವವರಿಗೆ ಸಿಗುವುದು ಮೂರು ಮಳೆಗಾಲಕ್ಕೆ ಸಿಪ್ಪೆ ಏಳುವ ಪಿಯು ಅನ್ನುವ ಕೃತಕ ಚರ್ಮ.

ಹೊಲಿಗೆಯ ಬಗ್ಗೆ ಮಾತ್ರ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ನನಗೆ ಬ್ಯಾಗಿನಲ್ಲಿ ಅತಿ ಇಷ್ಟವಾದದ್ದು ಅದೇ. ಹೊಲಿಗೆ ಮಷೀನು ಗೊತ್ತಿರುವವರಿಗೆ ಬೇಗ ಅರ್ಥವಾಗುತ್ತದೆ. ಮಷೀನಿನಲ್ಲಿ ಮೇಲಿನದು ಒಂದು ದಾರ, ಕೆಳಗೆ ಬಾಬಿನ್‌ನದು ಇನ್ನೊಂದು. ಬಟ್ಟೆಯ ನಡುವೆ ಎರಡೂ ಕೊಂಡಿ ಹಾಕಿಕೊಳ್ಳುತ್ತವೆ. ಒಂದು ಕಡೆ ದಾರ ಹರಿದರೆ ಪಕ್ಕದ ಹೊಲಿಗೆಗಳೂ ಸಡಿಲವಾಗಬಹುದು. ಕುದುರೆಯ ಜೀನು ಹೊಲಿಯುವವರದು ಬೇರೆ ರೀತಿ. ಒಂದೇ ಉದ್ದ ದಾರ, ಮೇಣ ತಿಕ್ಕಿದ ನಾರಿನ ದಾರ, ಎರಡು ತುದಿಗೂ ಒಂದೊಂದು ಸೂಜಿ. ಪ್ರತಿ ತೂತಿನಲ್ಲೂ ಎಡದ ಸೂಜಿ ಬಲಕ್ಕೆ, ಬಲದ್ದು ಎಡಕ್ಕೆ. ಒಂದು ಹೊಲಿಗೆ ಹರಿದರೂ ಪಕ್ಕದ್ದು ಅಲುಗುವುದಿಲ್ಲ. ಎರ್ಮೆಸ್ ಶುರುವಾದದ್ದೇ ಕುದುರೆಯ ಸಾಮಾನು ಮಾಡುತ್ತ. ಆ ಹೊಲಿಗೆ ಈಗಲೂ ಅವರಲ್ಲಿ ಉಳಿದಿದೆ. ಆದರೆ ಇದಕ್ಕೆ ಎರ್ಮೆಸ್ಸೇ ಬೇಕು ಅಂತಿಲ್ಲ. ಕೈಯಲ್ಲಿ ಚರ್ಮ ಹೊಲಿಯುವ ಎಷ್ಟೋ ಸಣ್ಣ ಕಸುಬುದಾರರು ಇದನ್ನೇ ಮಾಡುತ್ತಾರೆ. ನೋಡಿದ ಕೂಡಲೇ ಗೊತ್ತಾಗುತ್ತದೆ, ಹೊಲಿಗೆ ಒಂಚೂರು ಓರೆಯಾಗಿ, ಸಾಲಾಗಿ ನಡೆಯುವ ಇರುವೆಗಳ ಹಾಗೆ ಇರುತ್ತದೆ.

ಮಾರುವ ಯೋಚನೆ ಬಿಟ್ಟ ಕೂಡಲೇ ಕೆಲವು ಬಾಗಿಲು ತೆರೆದುಕೊಳ್ಳುತ್ತವೆ. 'ಕಪ್ಪು ತಗೋ, ಮುಂದೆ ಹೋಗುತ್ತೆ' ಅನ್ನುವ ಸಲಹೆ ಕೇಳಬೇಕಿಲ್ಲ. ಗಿಳಿ ಹಸಿರು ಇಷ್ಟವಾ, ಅದನ್ನೇ ತನ್ನಿ. ಹೆಸರಿನ ಮೊದಲಕ್ಷರ ಒತ್ತಿಸಬಹುದು. ಮಾರುಕಟ್ಟೆಯಲ್ಲಿ ಅದು ಬೆಲೆ ಇಳಿಸುತ್ತದೆ, ನಿಮಗೇನು? ಡಬ್ಬದಲ್ಲಿ ಗೊಂಬೆ ತುಂಬಬಹುದು. ಎಲ್ಲಕ್ಕಿಂತ ಮುಖ್ಯ, ಬೇರೆಯವರು ಬಳಸಿದ್ದನ್ನು ಕೊಳ್ಳಬಹುದು. ನನ್ನಂಥವರ ನಷ್ಟವೆಲ್ಲ ಅಲ್ಲಿ ನಿಮ್ಮ ಲಾಭ. ನನ್ನ ಗೆಳತಿಯೊಬ್ಬಳು ಎರಡು ವರ್ಷ ಹಳೆಯದನ್ನು ಹೊಸದರ ಅರ್ಧಕ್ಕಿಂತ ಕಡಿಮೆಗೆ ತಂದಳು. ಬಿಲ್ ಕೇಳಿ, ಮೂಲೆ ಮತ್ತು ಹಿಡಿ ನೋಡಿ, ಆ ಹುಡುಗನ ಹಾಗೆ ಮೂಸಿಯೂ ನೋಡಿ, ಬೂಷ್ಟಿನ ವಾಸನೆ ಬೇಗ ಹೋಗುವುದಿಲ್ಲ. 2021ರಿಂದ ಲೂಯಿ ವಿಟಾನ್, ಶನೆಲ್ ಎರಡೂ ಬ್ಯಾಗ್ ಅಸಲಿ ಅಂತ ಗುರುತಿಸಲು ಒಳಗೆ ಚಿಪ್ ಇಡುತ್ತಿವೆ. ಹಾಗಾಗಿ ಹೊಸ ಬ್ಯಾಗುಗಳಲ್ಲಿ ಹಳೇ ಬಗೆಯ ಸಂಖ್ಯೆ ಹುಡುಕಿ ಗಾಬರಿಯಾಗಬೇಡಿ.

ಒಂದೇ ಒಂದು ಕಡೆ ನಾನು ಕಟ್ಟುನಿಟ್ಟು. ಇಎಂಐ ಮೇಲೆ ಬ್ಯಾಗ್ ಬೇಡ. ಕಂತು ಮುಗಿಯುವ ತನಕ ಅದನ್ನು ನೆಮ್ಮದಿಯಾಗಿ ನೆಲದ ಮೇಲೆ ಇಡೋಕಾಗಲ್ಲ.

ಬೆಂಗಳೂರಿನ ಮಳೆ, ಮೆಟ್ರೋ, ಬೀರು

ನಮ್ಮ ಊರಿನಲ್ಲಿ ಚರ್ಮಕ್ಕೆ ಶತ್ರು ಬಿಸಿಲಲ್ಲ, ಮುಚ್ಚಿದ ಬೀರು. ಜೂನ್‌ನಿಂದ ಅಕ್ಟೋಬರ್ ತನಕ ಗಾಳಿಯಲ್ಲಿ ತೇವ. ಚರ್ಮದಲ್ಲಿ ಎಣ್ಣೆ, ಕೊಬ್ಬು ಇದೆ. ಕತ್ತಲು, ತೇವ, ಆಹಾರ, ಮೂರೂ ಸಿಕ್ಕಿದರೆ ಬೂಷ್ಟಿಗೆ ಇನ್ನೇನು ಬೇಕು? ಪ್ಲಾಸ್ಟಿಕ್ ಕವರ್ ಅಂತೂ ಬೇಡವೇ ಬೇಡ. ಹಳೇ ಹತ್ತಿ ದಿಂಬಿನ ಕವರ್ ಸಾಕು. ಒಳಗೆ ಕಾಗದ ತುರುಕಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಅವು ಒಂದು ಮಳೆಗಾಲಕ್ಕೆ ನೀರು ಕುಡಿದು ಸೋತಿರುತ್ತವೆ, ಬದಲಾಯಿಸಿ. ಹದಿನೈದು ದಿನಕ್ಕೊಮ್ಮೆ ನೆರಳಿನಲ್ಲಿ ಗಾಳಿಗಿಡಿ. ನೆನೆದರೆ ಹೇರ್ ಡ್ರೈಯರ್ ಹಿಡಿಯಬೇಡಿ, ಒಣ ಬಟ್ಟೆಯಲ್ಲಿ ಒತ್ತಿ, ಫ್ಯಾನ್ ಕೆಳಗೆ ಬಿಡಿ.

ದಿನಾ ಬಳಸುವವರಿಗೆ ಇವೆಲ್ಲ ಬೇಕಾಗುವುದೇ ಕಡಿಮೆ. ಇದನ್ನು ನನಗೆ ಹೇಳಿದ್ದು ಶಿವಾಜಿನಗರದ ಕಡೆ ಚರ್ಮದ ಬ್ಯಾಗ್ ರಿಪೇರಿ ಮಾಡುವ ಒಬ್ಬ ಭಾಯ್. ಮಾರದೆ ವಾಪಸ್ ತಂದ ಬ್ಯಾಗನ್ನು ಅವರ ಮುಂದೆ ಇಟ್ಟಿದ್ದೆ. ಕನ್ನಡಕ ಹಣೆಗೇರಿಸಿ ನೋಡಿ, "ಮೇಡಂ, ಇದು ಯೂಸ್ ಮಾಡಿ ಹಾಳಾಗಿಲ್ಲ. ಇಟ್ಟು ಹಾಳಾಗಿದೆ" ಅಂದರು. ಅಂಟಾಗಿದ್ದ ಅಂಚಿನ ಬಣ್ಣವನ್ನು ಚಾಕುವಿನ ಬೆನ್ನಿನಿಂದ ಉದ್ದಕ್ಕೂ ಕೆರೆದರು, ಕಪ್ಪು ಅಂಟು ಸುರುಳಿ ಸುರುಳಿಯಾಗಿ ಬಂತು. ಸಣ್ಣ ಮರಳು ಕಾಗದ ತಿಕ್ಕಿದರು. ಕಡ್ಡಿಯಲ್ಲಿ ಹೊಸ ಬಣ್ಣ ಎಳೆದು ಒಣಗಲು ಬಿಟ್ಟರು. ಮತ್ತೆ ತಿಕ್ಕಿ, ಮತ್ತೆ ಬಣ್ಣ. ಹೀಗೆ ಮೂರು ಸಲ. ಮೂರು ಸಾವಿರದ ಇನ್ನೂರು ತಗೊಂಡರು. ಪಕ್ಕದಲ್ಲಿ ಒಂದು ಸ್ಕೂಲ್ ಬ್ಯಾಗಿನ ಜಿಪ್ ರನ್ನರ್ ಹೋಗಿತ್ತು. ಅದಕ್ಕೂ ಅಷ್ಟೇ ಗಮನ ಕೊಟ್ಟರು.

ಅವತ್ತಿನಿಂದ ಅದು ನನ್ನ ದಿನದ ಬ್ಯಾಗ್. ಮೆಟ್ರೋ ಸ್ಟೇಷನ್ನಿನಲ್ಲಿ ಎಕ್ಸ್‌ರೇ ಮಷೀನಿನ ಬೆಲ್ಟ್ ಮೇಲೆ, ಯಾರದೋ ಸಿಮೆಂಟ್ ಮೆತ್ತಿದ ಚೀಲದ ಹಿಂದೆ ಅದೂ ಮಲಗಿ ಹೋಗುತ್ತದೆ. ಮೊದಲ ದಿನ ಎದೆ ಧಸಕ್ ಅಂದಿತ್ತು. ತಳದಲ್ಲಿ ಈಗ ಐದಾರು ಗೀರು ಇವೆ. ಒಂದು ಮಾತ್ರ ಮೆಟ್ರೋದ್ದಲ್ಲ, ನಮ್ಮ ಬೆಕ್ಕಿನದು.

ಅಮ್ಮ ಟೀಚರ್ ಆಗಿದ್ದಾಗ ಅವಳದ್ದೊಂದು ವ್ಯಾನಿಟಿ ಬ್ಯಾಗ್ ಇತ್ತು. ಹಾಗೇ ಅನ್ನುತ್ತಿದ್ದುದು ಆಗ. ಕಂದು ರೆಕ್ಸಿನ್, ಮೂಲೆಯಲ್ಲಿ ಸಿಪ್ಪೆ ಎದ್ದಿತ್ತು. ಒಳಗೆ ಬಸ್ ಪಾಸ್, ಚಿಲ್ಲರೆ, ಕುಂಕುಮದ ಡಬ್ಬಿ, ಸೀಮೆಸುಣ್ಣದ ಚೂರು, ಅಮೃತಾಂಜನ. ಅದನ್ನು ಮಾರಿದರೆ ಎಷ್ಟು ಬರುತ್ತೆ ಅಂತ ಯಾರೂ ಕೇಳಿರಲಿಲ್ಲ. ನನ್ನದರ ಬಗ್ಗೆ ಮಾತ್ರ ಅವಳಿಗೆ ಇನ್ನೂ ಸಮಾಧಾನ ಇಲ್ಲ. ಬೆಲೆ ನೆನಪಾದಾಗಲೆಲ್ಲ ತುಟಿ ಬಿಗಿ ಹಿಡಿಯುತ್ತಾಳೆ.

ಈ ಜನವರಿಯಲ್ಲಿ ಆಫೀಸು ಮುಗಿಸಿ ಗಾಂಧಿ ಬಜಾರಿನಲ್ಲಿ ಇಳಿದೆ. ಅವರೆಕಾಯಿ ರಾಶಿ ಬಿದ್ದಿತ್ತು. ಕೈಯಲ್ಲಿ ಬೇರೆ ಚೀಲ ಇರಲಿಲ್ಲ. ಎರಡು ಕೆಜಿ ಕಾಯಿಯನ್ನು ಬ್ಯಾಗಿಗೇ ಸುರಿಸಿಕೊಂಡು ಮನೆಗೆ ಬಂದೆ. ಅಮ್ಮ ಬ್ಯಾಗಿನ ಬಾಯಿ ಅಗಲಿಸಿ ಒಳಗೆ ಮೂಗು ಹಾಕಿದಳು. ಬೈಗುಳಕ್ಕೆ ನಾನು ತಯಾರಾಗಿ ನಿಂತಿದ್ದೆ.

"ಸೊಗಡು ಎಷ್ಟು ಚೆನ್ನಾಗಿದೆಯೇ! ಕೆಜಿಗೆ ಎಷ್ಟು ಕೊಟ್ಟೆ?" ಅಂದಳು.